ತರ್: ದಾಟು, ತೀರ್ಥ, ತಾರತಮ್ಯ

ಹಳಗನ್ನಡದಲ್ಲಿ ‘ತರ್’ ಒಂದು ಧಾತು. ತಂದಂ, ತರ್ಪಂ, ತಾರಂ ಎಂಬ ರೂಪಗಳು ಅದರಿಂದ ಹುಟ್ಟಿದವು. ಇಂದಿನ ‘ತರು’ ಅದರದೇ ಮುಂದುವರಿಕೆ. ಸಂಸ್ಕೃತದಲ್ಲಿ ಅದಕ್ಕೆ ಹತ್ತಿರದ ಉಚ್ಚಾರದ ‘ತೄ’ ಎಂಬ ಧಾತುವಿದೆ. ತೇಲುವುದು, ದಾಟುವುದು ಎಂದು ಪಾಣಿನೀಯ ಧಾತುಪಾಠ ಅದಕ್ಕೆ ಅರ್ಥ ಹೇಳುತ್ತದೆ. ತರಣ, ತೀರ್ಥ, ತಾರಕ, ಅವತಾರ, ದುಸ್ತರ, ವೈತರಣಿ ಎಲ್ಲವೂ ಆ ಮನೆತನದವು. ಇದೇ ಉಚ್ಚಾರದ ಮೂರನೆಯದು ಧಾತುವಲ್ಲ, ಸಂಸ್ಕೃತದ ಪ್ರತ್ಯಯ. ಇಬ್ಬರಲ್ಲಿ ಒಬ್ಬ ಹೆಚ್ಚು ಎನ್ನಲು ‘ತರ’, ಹಲವರಲ್ಲಿ ಒಬ್ಬನೇ ಮಿಗಿಲು ಎನ್ನಲು ‘ತಮ’ ಹಚ್ಚುತ್ತಾರೆ. ಗುರುತರ, ಪ್ರಿಯತಮ ಎಂಬ ಮಾತುಗಳು ಹಾಗೆ ಬಂದವು. ಈ ಎರಡು ಪ್ರತ್ಯಯಗಳನ್ನೇ ಜೋಡಿಸಿ ಮಾಡಿದ ಪದ ‘ತಾರತಮ್ಯ’.

ವ್ಯಾಕರಣ ಈ ಮೂರನ್ನೂ ಬೇರೆಬೇರೆಯಾಗಿಯೇ ಇಡುತ್ತದೆ. ಆದರೆ ಧರ್ಮಚಿಂತನೆಯಲ್ಲಿ ಅವು ಒಂದೇ ಪ್ರಶ್ನೆಯ ಸುತ್ತ ಬಂದು ಸೇರುತ್ತವೆ. ಸಂಸಾರ ದಾಟಬೇಕಾದ ನೀರು ಎಂದು ಒಪ್ಪಿಕೊಂಡರೆ, ದಾಟಿಸುವವರು ಯಾರು? ದಾಟಿದವರೆಲ್ಲ ಆಚೆ ದಡದಲ್ಲಿ ಒಂದೇ ಸಮವೆ? ಇದಕ್ಕೆ ಭಾರತದ ಮತಗಳು ಕೊಟ್ಟ ಮುಖ್ಯ ಉತ್ತರಗಳಲ್ಲಿ ಕೆಲವು ತುಂಗೆ ಮತ್ತು ತುಂಗಭದ್ರೆಯ ದಂಡೆಯಲ್ಲಿ ನೆಲೆ ಕಂಡವು. ಕೂಡ್ಲಿಯಲ್ಲಿ ತುಂಗೆ-ಭದ್ರೆಗಳು ಕೂಡಿ ಹರಿದು, ಹಂಪೆ, ಮಂತ್ರಾಲಯ ದಾಟಿ, ಕರ್ನೂಲು ಜಿಲ್ಲೆಯ ಸಿ. ಬೆಳಗಲ್ ಮಂಡಲದ ಬಡಗಣ ಅಂಚನ್ನು ಸವರಿಕೊಂಡು, ಸುಂಕೇಸುಲದ ಬ್ಯಾರೇಜಿನ ಮೂಲಕ ಕರ್ನೂಲಿನ ಕಡೆ ಹೋಗುವ ನದಿ ಇದು. ಸಿ. ಬೆಳಗಲ್ ಕಡೆಯ ಊರುಗಳಿಗೆ ಈಚೆ ದಡ ಆಂಧ್ರ, ಆಚೆ ದಡ ತೆಲಂಗಾಣ. ಇನ್ನಷ್ಟು ಮೇಲಕ್ಕೆ ಹೋದರೆ ಆಚೆ ದಡ ಕರ್ನಾಟಕದ ರಾಯಚೂರು ಜಿಲ್ಲೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದ ಮೇಲೂ ಈ ಭಾಗದ ಮಠ-ಭಜನೆಗಳ ಕನ್ನಡ ಹಾಗೆಯೇ ಉಳಿದಿದೆ.

ದಾಟುವುದು ಮೊದಲು ದಿನನಿತ್ಯದ ಸಂಗತಿ, ಆಮೇಲೆ ವೇದಾಂತ. ಮನುಸ್ಮೃತಿಯಲ್ಲಿ ‘ತರ’ ಎಂದರೆ ನೇರವಾಗಿ ದೋಣಿಯ ಸಾಗಣೆಯೇ. ಎಂಟನೆಯ ಅಧ್ಯಾಯದಲ್ಲಿ ಅದರ ದರಪಟ್ಟಿ ಇದೆ: ಬರಿಯ ಬಂಡಿಗೆ ಒಂದು ಪಣ, ಒಬ್ಬ ಆಳು ಹೊರುವಷ್ಟು ಹೊರೆಗೆ ಅರ್ಧ ಪಣ, ಪಶುವಿಗೂ ಹೆಂಗಸಿಗೂ ಕಾಲು, ಬರಿಗೈಯ ಗಂಡಸಿಗೆ ಅರೆಕಾಲು. ಎರಡು ತಿಂಗಳು ಕಳೆದ ಗರ್ಭಿಣಿ, ಸಂನ್ಯಾಸಿ, ವನವಾಸಿ ಮುನಿ, ಬ್ರಹ್ಮಚಾರಿ ಇವರಿಂದ ಸುಂಕ ಎತ್ತುವಂತಿಲ್ಲ. ಅಂಬಿಗರ ತಪ್ಪಿನಿಂದ ಸರಕು ಹಾಳಾದರೆ ಅಂಬಿಗರೆಲ್ಲ ಸೇರಿ ತುಂಬಿಕೊಡಬೇಕು. ದೈವಿಕವಾಗಿ ಆದ ಅನಾಹುತಕ್ಕೆ ದಂಡವಿಲ್ಲ. ಸಂಸಾರಸಾಗರದ ಅಂಬಿಗನೆಂದು ಗುರುವನ್ನು ಹೊಗಳಿದ ಗ್ರಂಥಗಳು ರಾಶಿ ಇವೆ. ಆ ಅಂಬಿಗನ ತಪ್ಪಿನಿಂದ ಶಿಷ್ಯ ಮುಳುಗಿದರೆ ಹೊಣೆ ಯಾರದು ಎಂಬ ಈ ಕಾನೂನಿನ ಪ್ರಶ್ನೆಯನ್ನು ಅವು ಅಷ್ಟಾಗಿ ಎತ್ತುವುದಿಲ್ಲ.

ತುಂಗಭದ್ರೆಯ ದೋಣಿ ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ಅದನ್ನು ನೋಡಿ ಬರೆದಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದು-ಇಪ್ಪತ್ತು ಜನರನ್ನು ಹೊರುತ್ತದೆ, ಬೇಕಾದರೆ ಕುದುರೆ ಎತ್ತುಗಳನ್ನೂ. ಅದು ನೆಟ್ಟಗೆ ಹೋಗದೆ ಸುತ್ತುತ್ತ ಸುತ್ತುತ್ತಲೇ ಸಾಗುತ್ತದೆ ಎಂಬುದನ್ನೂ ಅವನು ಗಮನಿಸಿದ್ದ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಗೋಣಿತಟ್ಟು ಬಂದಿದೆ, ಅದರ ಮೇಲೆ ನೀರು ಒಸರದಂತೆ ಡಾಂಬರು ಬಳಿಯುತ್ತಾರೆ. ರಸ್ತೆಗೆ ಹಾಕುವ ಟಾರಿಗೂ ಸಂಸ್ಕೃತದ ತರಣಕ್ಕೂ ಭಾಷೆಯಲ್ಲಿ ನಂಟಿಲ್ಲ. ನಂಟಿರುವುದು ಹರಿಗೋಲಿನ ತಳದಲ್ಲಿ.

‘ತೀರ್ಥ’ ಎಂದರೆ ಮೂಲದಲ್ಲಿ ನದಿಗೆ ಇಳಿಯಲು, ದಾಟಲು ಅನುವಾದ ಕಡವು. ಅಲ್ಲಿಂದ ಆ ಪದ ಹೋದ ದೂರ ಸಣ್ಣದಲ್ಲ. ವಿದ್ಯೆಗೆ ಇಳಿಯುವ ಕಡವು ಗುರು. ಆದ್ದರಿಂದ ಒಂದೇ ಗುರುವಿನ ಶಿಷ್ಯರು ‘ಸತೀರ್ಥ್ಯರು’. ಒಬ್ಬ ಗುರುವಿನಲ್ಲಿ ನಿಲ್ಲದೆ ಮಠದಿಂದ ಮಠಕ್ಕೆ ಹಾರುವ ಶಿಷ್ಯನನ್ನು ವೈಯಾಕರಣರು ‘ತೀರ್ಥಕಾಕ’ ಎಂದು ಜರೆದರು, ಕಡವಿನ ಕಾಗೆ ಹೆಚ್ಚು ಹೊತ್ತು ಕೂರುವುದಿಲ್ಲವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಂತ್ರಿ, ಪುರೋಹಿತ, ಸೇನಾಪತಿಯಿಂದ ಹಿಡಿದು ರಾಜ್ಯದ ಹದಿನೆಂಟು ಮುಖ್ಯಾಧಿಕಾರಿಗಳು ಹದಿನೆಂಟು ತೀರ್ಥಗಳು. ಅಂಗೈಯಲ್ಲೂ ತೀರ್ಥಗಳಿವೆ. ಹೆಬ್ಬೆರಳ ಬುಡ ಬ್ರಾಹ್ಮತೀರ್ಥ, ಕಿರುಬೆರಳ ಬುಡ ಪ್ರಾಜಾಪತ್ಯ, ಬೆರಳ ತುದಿ ದೈವ, ಹೆಬ್ಬೆರಳು-ತೋರುಬೆರಳಿನ ನಡುವೆ ಪಿತೃತೀರ್ಥ. ದೇವತೆಗಳಿಗೆ ಬಿಟ್ಟ ನೀರು ಬೆರಳ ತುದಿಯಿಂದ ಇಳಿಯಬೇಕು, ಪಿತೃಗಳಿಗೆ ಬಿಟ್ಟದ್ದು ಹೆಬ್ಬೆರಳ ಪಕ್ಕದಿಂದ. ಯಾರಿಗೆ ಯಾವ ದಾರಿ ಎಂಬ ಈ ವಿಂಗಡಣೆ ತರ್ಪಣ ಬಿಡುವ ಪ್ರತಿ ಮನೆಯಲ್ಲೂ ಇಂದಿಗೂ ನಡೆಯುತ್ತದೆ.

ಕನ್ನಡದ ಬಳಕೆಯಲ್ಲಿ ಪದ ಇನ್ನೂ ಇಳಿದು ಬಂದಿದೆ. ದೇವಸ್ಥಾನದಲ್ಲಿ ಉದ್ಧರಣೆಯಿಂದ ಅಂಗೈಗೆ ಬೀಳುವ ತುಳಸಿ ನೀರು ತೀರ್ಥ. ಹಳೆಯ ಕಾಗದಗಳಲ್ಲಿ ತಂದೆ ‘ತೀರ್ಥರೂಪು’. ಸಂಜೆ ‘ತೀರ್ಥ ಹಾಕುವವರು’ ಬೇರೆಯೇ ಜನ. ಆ ಪ್ರಯೋಗದ ವಿಡಂಬನೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೃಹಸ್ಪತಿ ಮಕರರಾಶಿಗೆ ಬಂದಾಗ, ಹನ್ನೆರಡು ವರ್ಷಕ್ಕೊಮ್ಮೆ, ಇಡೀ ತುಂಗಭದ್ರೆಯೇ ತೀರ್ಥವಾಗುತ್ತಾಳೆ. ಪುಷ್ಕರ ಎನ್ನುವ ಈ ಪರ್ವ ಕಳೆದ ಸಲ 2020ರ ನವೆಂಬರ್ 20ರಿಂದ ಡಿಸೆಂಬರ್ 1ರವರೆಗೆ ನಡೆಯಿತು. ಕೊರೊನಾ ಕಾಲವಾದ್ದರಿಂದ ನದೀಸ್ನಾನಕ್ಕೆ ನಿರ್ಬಂಧವಿತ್ತು.

ವೇದದಲ್ಲಿ ದಾಟಿಸುವವನು ಅಗ್ನಿ. ದೋಣಿ ನದಿಯನ್ನು ದಾಟಿಸುವಂತೆ ಕಷ್ಟಗಳನ್ನು ದಾಟಿಸು ಎಂಬ ಋಗ್ವೇದದ ಪ್ರಾರ್ಥನೆಯೇ ಮುಂದೆ ದುರ್ಗಾಸೂಕ್ತದ ಮೊದಲ ಮಂತ್ರವಾಯಿತು. ಉಪನಿಷತ್ತಿಗೆ ಬರುವ ಹೊತ್ತಿಗೆ ದೋಣಿಯ ಮೇಲೆಯೇ ಅನುಮಾನ. ಯಜ್ಞಗಳು ಭದ್ರವಿಲ್ಲದ ತೆಪ್ಪಗಳು, ಅವನ್ನು ನಂಬಿದವರು ಮತ್ತೆ ಮುಪ್ಪು-ಸಾವಿಗೇ ಬೀಳುತ್ತಾರೆ ಎನ್ನುತ್ತದೆ ಮುಂಡಕ. ಛಾಂದೋಗ್ಯದಲ್ಲಿ ನಾರದ ಸನತ್ಕುಮಾರನ ಬಳಿ ಬರುವಾಗ ಕಲಿತ ವಿದ್ಯೆಗಳ ಉದ್ದನೆಯ ಪಟ್ಟಿ ಒಪ್ಪಿಸುತ್ತಾನೆ; ಇಷ್ಟೆಲ್ಲ ತಿಳಿದರೂ ಶೋಕ ಹೋಗಿಲ್ಲ, ಆತ್ಮವನ್ನು ತಿಳಿದವನು ಮಾತ್ರ ಅದನ್ನು ದಾಟುತ್ತಾನೆಂದು ಕೇಳಿದ್ದೇನೆ, ನನ್ನನ್ನು ಆಚೆಗೆ ದಾಟಿಸು ಎಂದು ಬೇಡುತ್ತಾನೆ. ದಾಟಬೇಕಾದ ನೀರು ಹೊರಗಿನ ಪಾಪದಿಂದ ಒಳಗಿನ ಅಜ್ಞಾನಕ್ಕೆ ಸರಿದದ್ದು ಇಲ್ಲಿ.

ಜೈನರು ಈ ಚಿತ್ರವನ್ನು ತಮ್ಮ ಮತದ ನಡುಮನೆಗೇ ತಂದರು. ತೀರ್ಥಂಕರನೆಂದರೆ ಕಡವು ಕಟ್ಟಿದವನು. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ನಾಲ್ಕು ಬಗೆಯ ಸಂಘವೇ ಆ ತೀರ್ಥ. ಇಪ್ಪತ್ತನಾಲ್ವರು ತೀರ್ಥಂಕರರಲ್ಲಿ ಯಾರೂ ಭಕ್ತನನ್ನು ಕೈಹಿಡಿದು ದಾಟಿಸುವುದಿಲ್ಲ. ಕಡವು ತೋರಿಸಿ ಅವರು ಸಿದ್ಧಶಿಲೆಗೆ ಏರಿಯಾಗಿದೆ; ನೀರಿಗಿಳಿಯುವುದು ಜೀವದ ಪಾಲಿನ ಕೆಲಸ. 941ರಲ್ಲಿ ಪಂಪ ‘ಆದಿಪುರಾಣ’ವನ್ನೂ 993ರಲ್ಲಿ ರನ್ನ ‘ಅಜಿತಪುರಾಣ’ವನ್ನೂ ಬರೆದದ್ದು ಇಂಥ ಕಡವು ಕಟ್ಟಿದವರ ಕಥೆಯನ್ನೇ. ತೀರ್ಥಂಕರ ಅವತಾರವಲ್ಲ ಎಂಬುದನ್ನು ಒತ್ತಿ ಹೇಳಬೇಕಾಗುತ್ತದೆ, ಏಕೆಂದರೆ ಎರಡೂ ಪದಗಳ ಬೇರು ಒಂದೇ ಆದರೂ ದಿಕ್ಕು ತದ್ವಿರುದ್ಧ. ಅವತಾರ ಮೇಲಿನಿಂದ ಇಳಿದು ಬರುವುದು; ತೀರ್ಥಂಕರ ಕೆಳಗಿನಿಂದ ಹತ್ತಿ ಹೋದವನು. ಅವತಾರದ ಪ್ರಮಾಣವಾಗಿ ಎಲ್ಲರೂ ಹಿಡಿಯುವ ಭಗವದ್ಗೀತೆಯಲ್ಲಿ ‘ಅವತಾರ’ ಎಂಬ ಪದವೇ ಇಲ್ಲ. ‘ಏನಪ್ಪಾ ಇದು ನಿನ್ನ ಅವತಾರ’ ಎಂದು ಗದರುವ ಕನ್ನಡಕ್ಕೆ ಆ ಕೊರತೆ ತಟ್ಟಿಲ್ಲ.

ಬುದ್ಧನ ತೆಪ್ಪದ ದೃಷ್ಟಾಂತ ಮಜ್ಝಿಮನಿಕಾಯದಲ್ಲಿದೆ. ಹುಲ್ಲು ಕಡ್ಡಿ ಕೂಡಿಸಿ ತೆಪ್ಪ ಕಟ್ಟಿ ಹೊಳೆ ದಾಟಿದವನು, ಉಪಕಾರವಾಯಿತೆಂದು ಅದನ್ನು ತಲೆಯ ಮೇಲೆ ಹೊತ್ತು ನಡೆದರೆ ಸರಿಯೆ? ಧರ್ಮವೂ ದಾಟಲಿಕ್ಕೆ, ಹೊರಲಿಕ್ಕಲ್ಲ ಎಂಬುದು ಅದರ ತಾತ್ಪರ್ಯ. ತನ್ನ ಉಪದೇಶವನ್ನೂ ದಡದಲ್ಲಿ ಬಿಡು ಎನ್ನುವ ದಿಟ್ಟತನ ಬೇರೆ ಮತಗಳಲ್ಲಿ ಅಪರೂಪ. ಆದರೆ ಬೌದ್ಧರೂ ತೆಪ್ಪವೊಂದರಲ್ಲೇ ತೃಪ್ತರಾಗಲಿಲ್ಲ. ದಾಟಿಸುವವಳೇ ಬೇಕೆನಿಸಿ ತಾರಾದೇವಿ ಬಂದಳು. ಎಂಟು ಮಹಾಭಯಗಳಿಂದ ಕಾಯುವವಳು, ಅವುಗಳಲ್ಲಿ ನೀರಿನ ಭಯವೂ ಒಂದು. ಗದಗ ಜಿಲ್ಲೆಯ ಡಂಬಳದ 1095ರ ಶಾಸನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ ಆರ್ಯ ತಾರಾದೇವಿಯನ್ನೂ ಹೆಸರಿಸುತ್ತದೆ. ಸರಕು ಹೊತ್ತು ಹೊಳೆ-ಕಡಲು ದಾಟುವ ವ್ಯಾಪಾರಿಗಳಿಗೆ ಈ ದೇವತೆ ಹಿಡಿಸಿದ್ದರಲ್ಲಿ ಸೋಜಿಗವಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ತುಂಗಭದ್ರೆಯ ಮೇಲೆ ದೋಣಿ ನಡೆಸುತ್ತಿದ್ದವನೇ ವಚನಕಾರನಾದ. ಅಂಬಿಗರ ಚೌಡಯ್ಯ ಬಾಳಿದ ಊರೆಂದು ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರವನ್ನು ತೋರಿಸುತ್ತಾರೆ, ನದಿಯ ದಂಡೆಯಲ್ಲಿ. ಉಳಿದ ಶರಣರಲ್ಲಿ ಹೆಚ್ಚಿನವರು ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟರೆ ಇವನು ಕಸುಬಿನೊಡನೆ ತನ್ನ ಹೆಸರನ್ನೇ ಇಟ್ಟ. ಅವನ ಮಾತು ಒರಟು; ಡಾಂಭಿಕ ಭಕ್ತಿ, ಬರಿಯ ತೀರ್ಥಸ್ನಾನ ಯಾವುದನ್ನೂ ಬಿಡುವುದಿಲ್ಲ. ದಿನಕ್ಕೆ ಹತ್ತು ಸಲ ಎರಡೂ ದಡ ಮುಟ್ಟುವವನಿಗೆ ನದಿಯಲ್ಲಿ ಮುಳುಗಿ ಎದ್ದು ಮುಕ್ತಿಗೆ ಹೊರಟವರ ಬಗ್ಗೆ ಸಹನೆ ಕಡಿಮೆಯೇ ಇದ್ದೀತು. ಶರಣರು ಹೊಳೆಯ ತೀರ್ಥವನ್ನು ಕೈಬಿಟ್ಟರೂ ತೀರ್ಥದ ತತ್ತ್ವವನ್ನು ಬಿಡಲಿಲ್ಲ. ಗುರು-ಜಂಗಮರ ಪಾದೋದಕ ಅಷ್ಟಾವರಣಗಳಲ್ಲಿ ಒಂದಾಯಿತು. ಕಡವು ಸ್ಥಾವರದಿಂದ ಜಂಗಮಕ್ಕೆ ಸರಿಯಿತು ಎನ್ನಬಹುದು.

ಅದ್ವೈತಿಗಳ ಕೈಯಲ್ಲಿ ದಾಟುವಿಕೆಯೇ ಕರಗಿಹೋಗುತ್ತದೆ. ಹತ್ತು ಮಂದಿ ಹೊಳೆ ದಾಟಿ, ಎಲ್ಲರೂ ಬಂದೆವೆ ಎಂದು ಎಣಿಸುತ್ತಾರೆ. ಎಣಿಸುವವನು ತನ್ನನ್ನು ಬಿಟ್ಟು ಎಣಿಸುವುದರಿಂದ ಒಂಬತ್ತೇ ಸಿಗುತ್ತದೆ. ಹತ್ತನೆಯವನು ಮುಳುಗಿದನೆಂದು ಗೋಳಾಡುತ್ತಿರುವಾಗ ದಾರಿಹೋಕನೊಬ್ಬ ಬಂದು ‘ಆ ಹತ್ತನೆಯವನು ನೀನೇ’ ಎನ್ನುತ್ತಾನೆ. ಕನ್ನಡದ ಮಕ್ಕಳಿಗೆ ಇದು ದಡ್ಡರ ಕಥೆ. ಸುರೇಶ್ವರನ ‘ನೈಷ್ಕರ್ಮ್ಯಸಿದ್ಧಿ’ಯಲ್ಲಿ, ವಿದ್ಯಾರಣ್ಯರ ‘ಪಂಚದಶಿ’ಯಲ್ಲಿ ಅದೇ ಮಹಾವಾಕ್ಯಕ್ಕೆ ದೃಷ್ಟಾಂತ. ವಿದ್ಯಾರಣ್ಯರ ಪೀಠವಿದ್ದ ಶೃಂಗೇರಿ ತುಂಗೆಯ ದಂಡೆಯಲ್ಲಿದೆ ಎಂಬುದೂ ಇಲ್ಲಿ ನೆನಪಾಗುತ್ತದೆ. ಕಥೆಯ ಹುರುಳು ಇಷ್ಟು: ಹತ್ತನೆಯವನು ಎಂದೂ ಕಳೆದುಹೋಗಿರಲಿಲ್ಲ, ಗುರು ಹೊಸದಾಗಿ ಏನನ್ನೂ ತಂದುಕೊಡಲಿಲ್ಲ, ಇದ್ದುದನ್ನು ತಿಳಿಸಿದ. ದಾಟಿದ ಮೇಲೆ ಹೆಚ್ಚುಕಡಿಮೆಯ ಮಾತೇ ಬರುವುದಿಲ್ಲ, ಏಕೆಂದರೆ ಹೋಲಿಸಲು ಎರಡನೆಯವನೇ ಇಲ್ಲ.

ಇದಕ್ಕೆ ನೇರ ಎದುರಾಗಿ ನಿಲ್ಲುವುದು ಮಧ್ವಾಚಾರ್ಯರ ಮತ. ಅವರ ಇನ್ನೊಂದು ಹೆಸರು ಆನಂದತೀರ್ಥ. ಅವರ ಪರಂಪರೆಯ ಯತಿಗಳೆಲ್ಲ ಜಯತೀರ್ಥ, ವ್ಯಾಸತೀರ್ಥ, ರಾಘವೇಂದ್ರತೀರ್ಥ ಎಂದು ಆ ಪದವನ್ನೇ ಹೊತ್ತವರು. ಈ ಮತದಲ್ಲಿ ಈಶ್ವರ, ಜೀವ, ಜಡಗಳ ನಡುವಿನ ಐದು ಬಗೆಯ ಭೇದ ನಿತ್ಯ, ಮತ್ತು ಜೀವಜೀವಗಳ ನಡುವಿನ ತಾರತಮ್ಯವೂ ನಿತ್ಯ. ಸಂಸಾರದಲ್ಲಿ ಇರುವಷ್ಟು ಕಾಲ ಮೇಲುಕೀಳು ಇರುತ್ತದೆಂದು ಹೇಳುವುದರಲ್ಲಿ ಹೊಸತೇನಿಲ್ಲ. ಮುಕ್ತಿಯಲ್ಲೂ ಅದು ಇದ್ದೇ ಇರುತ್ತದೆ ಎಂದದ್ದು ಮಧ್ವರ ವೈಶಿಷ್ಟ್ಯ.

ಅವರು ಮುಖ್ಯವಾಗಿ ಹಿಡಿದ ಶ್ರುತಿ ತೈತ್ತಿರೀಯದ ಆನಂದವಲ್ಲಿ. ಅಲ್ಲಿ ಆನಂದಕ್ಕೆ ಒಂದು ಲೆಕ್ಕವಿದೆ. ಯುವಕ, ಸಜ್ಜನ, ಓದಿದವನು, ಗಟ್ಟಿಮುಟ್ಟಾದವನು, ಸಂಪತ್ತು ತುಂಬಿದ ಭೂಮಿಯೆಲ್ಲ ಅವನದು; ಅಂಥವನ ಸುಖವನ್ನು ಒಂದು ಎಂದು ಹಿಡಿಯಬೇಕು. ಅದರ ನೂರು ಪಟ್ಟು ಮನುಷ್ಯಗಂಧರ್ವನಿಗೆ, ಅದರ ನೂರು ಪಟ್ಟು ದೇವಗಂಧರ್ವನಿಗೆ, ಹೀಗೆ ಪಿತೃಗಳು, ಆಜಾನಜರು, ಕರ್ಮದೇವರು, ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿ ಎಂದು ಹತ್ತಿ ಬ್ರಹ್ಮನ ಆನಂದಕ್ಕೆ ಹೋಗುತ್ತದೆ. ಹತ್ತು ಮೆಟ್ಟಿಲು, ಪ್ರತಿಯೊಂದಕ್ಕೂ ನೂರು ಪಟ್ಟು. ಕೊನೆಗೆ ಒಂದರ ಮುಂದೆ ಇಪ್ಪತ್ತು ಸೊನ್ನೆ. ಪ್ರತಿ ಮೆಟ್ಟಿಲಿನಲ್ಲೂ, ಆಸೆ ಬಾಧಿಸದ ಶ್ರೋತ್ರಿಯನಿಗೂ ಅಷ್ಟೇ ಆನಂದ ಎಂಬ ಮಾತು ಮರುಕಳಿಸುತ್ತದೆ. ಅದ್ವೈತಿಗಳು ಈ ಕೊನೆಯ ಮಾತನ್ನು ಹಿಡಿದು, ಮೆಟ್ಟಿಲುಗಳೆಲ್ಲ ಒಂದೇ ಬ್ರಹ್ಮಾನಂದದ ಹನಿಗಳು, ಆಸೆ ಅಳಿದರೆ ಏಣಿಯೇ ಬೇಡ ಎಂದರು. ಮಧ್ವರು ಏಣಿಯನ್ನೇ ಸತ್ಯವೆಂದರು. ಆ ಶ್ರೋತ್ರಿಯನೂ ಮುಕ್ತನೇ, ಆದರೆ ತನ್ನ ಮೆಟ್ಟಿಲಿನ ಮುಕ್ತ. ವಾಕ್ಯದ ಒಂದು ತುಂಡಿನ ಮೇಲೆ ಎರಡು ದರ್ಶನಗಳು ದಿಕ್ಕು ಬದಲಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆಕ್ಷೇಪ ಎದ್ದೇ ಏಳುತ್ತದೆ: ಮುಕ್ತಿಯಲ್ಲೂ ಒಬ್ಬನಿಗೆ ಹೆಚ್ಚು ಒಬ್ಬನಿಗೆ ಕಡಿಮೆ ಎಂದರೆ ಅಲ್ಲೂ ಹೊಟ್ಟೆಕಿಚ್ಚು ಇರಬೇಕಲ್ಲ? ಮಾಧ್ವರ ಉತ್ತರ ಪಾತ್ರೆಗಳ ಹೋಲಿಕೆಯಲ್ಲಿದೆ. ಚೊಂಬೂ ತುಂಬಿದೆ, ಕೊಡವೂ ತುಂಬಿದೆ. ತುಂಬಿದ ಚೊಂಬಿಗೆ ಕೊಡದ ಮೇಲೆ ಅಸೂಯೆ ಹುಟ್ಟಲು ಜಾಗವಿಲ್ಲ. ಉತ್ತರ ಚೊಕ್ಕವಾಗಿದೆ, ಆದರೆ ಪಾತ್ರೆಯ ಅಳತೆಯನ್ನು ನಿಗದಿ ಮಾಡಿದವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಯಾರೂ ಮಾಡಲಿಲ್ಲ, ಅದು ಅನಾದಿ ಸ್ವರೂಪಯೋಗ್ಯತೆ ಎನ್ನುತ್ತದೆ ಸಿದ್ಧಾಂತ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಜೀವರಲ್ಲಿ ಮೂರು ಬಗೆ. ಎಂದೂ ದಾಟಲಾರದ ಜೀವವೂ ಉಂಟು ಎಂಬ ಈ ಮಾತು ದಾಟುವಿಕೆಯ ಇಡೀ ಚಿತ್ರಕ್ಕೆ ಬಿದ್ದ ಅತ್ಯಂತ ಕಠಿಣ ಪೆಟ್ಟು. ಭಾರತದ ಉಳಿದ ವೇದಾಂತಗಳಲ್ಲಿ ಹೆಚ್ಚಿನವು ಇದನ್ನು ಒಪ್ಪಲಿಲ್ಲ.

ಸಂಸ್ಕೃತದ ಈ ವಾದ ಕನ್ನಡಕ್ಕೆ ಬಂದದ್ದು ದಾಸರಿಂದ, ಅದೂ ಇದೇ ನದಿಯ ಆಸುಪಾಸಿನಲ್ಲಿ. ವಿಜಯದಾಸರು ಹುಟ್ಟಿದ್ದು ತುಂಗಭದ್ರೆಯ ದಂಡೆಯ ಚೀಕಲಪರವಿಯಲ್ಲಿ. 1755ರಲ್ಲಿ ದೇಹ ಬಿಟ್ಟದ್ದು ಆದೋನಿ ಸೀಮೆಯ ಚಿಪ್ಪಗಿರಿಯಲ್ಲಿ. ಮಾನ್ವಿಯ ಜಗನ್ನಾಥದಾಸರು ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದಾಗ ಆರೋಹಣ ತಾರತಮ್ಯ, ಅವರೋಹಣ ತಾರತಮ್ಯ, ಬೃಹತ್ತಾರತಮ್ಯ ಎಂದು ಸಂಧಿಗಳನ್ನೇ ಮೀಸಲಿಟ್ಟರು. ಕೆಳಗಿನಿಂದ ಮೇಲಕ್ಕೆ ಒಮ್ಮೆ, ಮೇಲಿನಿಂದ ಕೆಳಕ್ಕೆ ಒಮ್ಮೆ ದೇವತೆಗಳ ಕಕ್ಷೆಗಳನ್ನು ಎಣಿಸಿ ವಂದಿಸುವ ಈ ಪದ್ಯಗಳನ್ನು ಸಂಸ್ಕೃತ ಓದದ ಹೆಂಗಸರೂ ಬಾಯಿಪಾಠ ಮಾಡಿಕೊಂಡು ಹೇಳುತ್ತಾರೆ.

ಆಧುನಿಕ ಕನ್ನಡದಲ್ಲಿ ಅದೇ ಪದ ಬೈಗುಳವಾಗಿದೆ. ಲಿಂಗ ತಾರತಮ್ಯ, ಜಾತಿ ತಾರತಮ್ಯ, ಪ್ರಾದೇಶಿಕ ತಾರತಮ್ಯ ಎಂದು ಪತ್ರಿಕೆ ಬರೆದರೆ ಅದು ಅನ್ಯಾಯದ ಹೆಸರು. 1950ರ ಸಂವಿಧಾನದ 15ನೆಯ ವಿಧಿ ನಿಷೇಧಿಸುವುದು ಅದನ್ನೇ. ಮಠದೊಳಗೆ ಪ್ರಮೇಯವಾದದ್ದು ರಸ್ತೆಯಲ್ಲಿ ಅಪರಾಧ. ಸ್ವರೂಪದ ತಾರತಮ್ಯಕ್ಕೂ ಹುಟ್ಟಿನ ಜಾತಿಗೂ ಸಂಬಂಧವಿಲ್ಲ, ಯಾವ ದೇಹದಲ್ಲಿ ಎಂಥ ಜೀವವಿದೆಯೋ ಯಾರೂ ಅರಿಯರು ಎಂಬ ಸಮಾಧಾನವನ್ನು ಪಂಡಿತರು ಹೇಳುತ್ತಾರೆ. ತತ್ತ್ವದ ಮಟ್ಟದಲ್ಲಿ ಅದು ನಿಲ್ಲುತ್ತದೆ. ಆದರೆ ಸಮಾಜದ ಶ್ರೇಣಿ ಆ ತತ್ತ್ವದ ನೆರಳಲ್ಲಿ ಹಾಯಾಗಿ ಕೂತದ್ದೂ ನಿಜ, ಮತ್ತು ಅದಕ್ಕೆ ಪಂಡಿತರ ಸಮಾಧಾನ ಸಾಲದು.

ತರುವುದು, ದಾಟುವುದು, ತಾರತಮ್ಯ ಮೂರೂ ಕಣ್ಣಿಗೆ ಕಾಣುವ ಜಾಗ ಮಂತ್ರಾಲಯ. ಹಿಂದೆ ಅದು ಮಂಚಾಲೆ. ಆ ಊರು ಆದೋನಿಯ ಅಧಿಪತಿ ಸಿದ್ದಿ ಮಸೂದ್ ಖಾನನಿಂದ ರಾಘವೇಂದ್ರತೀರ್ಥರಿಗೆ ಬಂದದ್ದೆಂದು ಪರಂಪರೆ. 1671ರ ಶ್ರಾವಣ ಬಹುಳ ಬಿದಿಗೆಯಂದು ಅವರು ಅಲ್ಲಿ ಬೃಂದಾವನಸ್ಥರಾದರು. ಆಗ ಆಚೆ ದಡದ ಬಿಚ್ಚಾಲೆಯ ಶಿಷ್ಯ ಅಪ್ಪಣಾಚಾರ್ಯರು ಸುದ್ದಿ ತಿಳಿದು, ತುಂಬಿ ಹರಿಯುವ ತುಂಗಭದ್ರೆಯನ್ನು ಗುರುಸ್ತೋತ್ರ ರಚಿಸುತ್ತಲೇ ದಾಟಿ ಬಂದರು, ಬರುವಷ್ಟರಲ್ಲಿ ಕೊನೆಯ ಕಲ್ಲು ಮುಚ್ಚಿತ್ತು, ದುಃಖದಲ್ಲಿ ನಿಂತುಹೋದ ಸ್ತೋತ್ರದ ಕೊನೆಯ ಏಳು ಅಕ್ಷರಗಳನ್ನು ಬೃಂದಾವನದೊಳಗಿಂದ ಗುರುಗಳೇ ಪೂರೈಸಿದರು ಎಂದು ಕಥೆ. ದಾಟಿ ಬಂದವನು ಶಿಷ್ಯ, ಉಳಿದದ್ದನ್ನು ತಂದುಕೊಟ್ಟವನು ಗುರು. ಪ್ರಯತ್ನ ಎಷ್ಟು, ಪ್ರಸಾದ ಎಷ್ಟು ಎಂಬ ಹಳೆಯ ಜಗಳಕ್ಕೆ ಈ ಕಥೆ ಏಳಕ್ಷರದಷ್ಟು ಜಾಗ ಬಿಟ್ಟುಕೊಡುತ್ತದೆ.

ಬೇಡಿದವರಿಗೆ ವರ ತರುವ ಗುರುವೆಂದು ಲಕ್ಷಗಟ್ಟಲೆ ಜನ ರಾಘವೇಂದ್ರತೀರ್ಥರ, ಅಂದರೆ ರಾಯರ, ಬಳಿ ಬರುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಪಂಚಭೇದದ ಹೆಸರನ್ನೂ ಕೇಳಿದವರಲ್ಲ. ಆದರೆ ಅಲ್ಲಿಯ ಪದ್ಧತಿ ಸಿದ್ಧಾಂತವನ್ನು ಬಿಟ್ಟುಕೊಟ್ಟಿಲ್ಲ. ಭಕ್ತರು ಮೊದಲು ಗ್ರಾಮದೇವತೆ ಮಂಚಾಲಮ್ಮನ ದರ್ಶನ ಮಾಡಿ ಆಮೇಲೆ ರಾಯರಲ್ಲಿಗೆ ಹೋಗಬೇಕು. ಅಡುಗೆ ಮೊದಲು ಮಠದ ಆರಾಧ್ಯದೈವ ಮೂಲರಾಮದೇವರಿಗೆ ನೈವೇದ್ಯವಾಗುತ್ತದೆ. ಬೃಂದಾವನಕ್ಕೆ ಸಲ್ಲುವುದು ಹಾಗೆ ದೇವರಿಗೆ ನಿವೇದಿಸಿದ ಅನ್ನದ ಹಸ್ತೋದಕ ಮಾತ್ರ. ಭಕ್ತರ ಎಲೆಗೆ ಅನ್ನ ಬರುವುದು ಅದರ ನಂತರ.